ಗೃಹಪ್ರವೇಶಕ್ಕೊಂದು ಹಸು

“ಫೋಟೋ ಇಟ್ಟುಕೊಂಡು ಗೃಹಪ್ರವೇಶ ಮಾಡೋ ಆಸಾಮಿ ನಾನಲ್ಲ! ಹಸು ಅಂದ್ರೆ ಹಸು. ಉಸಿರಾಡೋ ಹಸು! ಇವತ್ತು ಸಾಯಂಕಾಲದೊಳಗೆ ಗೊತ್ತು ಮಾಡದೇ ಇದ್ರೆ ನನ್ನ ಹೆಸರು ನಟರಾಜನೇ ಅಲ್ಲ!”

ಅಮೆರಿಕದ ಸ್ಟರ್ಲಿಂಗ್ ಊರಿನ ಬಾಡಿಗೆ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಕಾಫಿ ಲೋಟವನ್ನು ಕತ್ತಿಯಂತೆ ಎತ್ತಿ ಹಿಡಿದು ನಟರಾಜ ಈ ಭೀಷಣ ಪ್ರತಿಜ್ಞೆ ಮಾಡಿದಾಗ ಕೇಳಿಸಿಕೊಂಡವಳು ಹೆಂಡತಿ ವಸಂತಾ ಒಬ್ಬಳೇ. ಶನಿವಾರದ ಬೆಳಗು. ಹೊರಗೆ ನವೆಂಬರಿನ ಆಕಾಶ, ಒಗೆದು ಹಿಂಡದೆ ಹರವಿದ ಬಟ್ಟೆಯ ಹಾಗೆ ತೊಟ್ಟಿಕ್ಕುತ್ತಿತ್ತು. ಆಶ್‌ಬರ್ನ್‌ನಲ್ಲಿ ಕೊಂಡ ಹೊಸ ಟೌನ್‌ಹೌಸಿನ ಗೃಹಪ್ರವೇಶ ಮರುದಿನ ಬೆಳಿಗ್ಗೆಯೇ ಇತ್ತು.

“ವರ್ಜೀನಿಯಾದಲ್ಲಿ ಹಸು ಎಲ್ಲಿಂದ ತರ್ತೀರ್ರೀ? ಬೆಳ್ಳಿ ಹಸು ಇಟ್ರೆ ಸಾಕು, ಅದೂ ಇಲ್ದಿದ್ರೆ ಫೋಟೋ ಆದ್ರೂ ನಡೆಯುತ್ತೆ ಅಂತ ಭಟ್ಟರೇ ಹೇಳಿದಾರೆ.”

“ಅತ್ತೆಗೆ ಮಾತು ಕೊಟ್ಟವರು ಭಟ್ಟರಾ? ಕೊಟ್ಟವನು ನಾನು!”

ವಸಂತಾ ಸಿಂಕಿನ ಕಡೆ ತಿರುಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದಳು.

ಸಂಗತಿ ಇಷ್ಟೇ. ಫೆಬ್ರವರಿಯಲ್ಲಿ ಹರಿಹರದಿಂದ ಅತ್ತೆ ಚನ್ನಮ್ಮ ಫೋನಿನಲ್ಲಿ, “ಮನೆ ತಗೊಂಡ್ರೆ ಮೊದಲು ಹಸು ಒಳಗೆ ಹೋಗಬೇಕು, ಆಮೇಲೆ ನೀವು” ಎಂದಿದ್ದರು. ನಟರಾಜ ಎದೆಯುಬ್ಬಿಸಿ, “ಅತ್ತೇ, ಹಸು ನನ್ನ ಜವಾಬ್ದಾರಿ! ನೀವು ಬಂದು ಆರತಿ ಮಾಡಿ, ಅಷ್ಟೇ” ಎಂದಿದ್ದ. ಮಾರ್ಚಿನಲ್ಲಿ ಚನ್ನಮ್ಮ ತೀರಿಕೊಂಡರು. ವಸಂತಾ ವಿಮಾನದಲ್ಲಿ ಹೋಗಿ ತಲುಪುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು.

ಹರಿಹರದ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದು ನಿವೃತ್ತರಾದ ಮಾವ ಮಹಾಂತಪ್ಪನವರು ದಸರೆ ಕಳೆದ ಮೇಲೆ ಮಗಳ ಮನೆಗೆ ಬಂದಿದ್ದರು. ಬಂದವರು ಕಿಟಕಿಯ ಪಕ್ಕದ ಕುರ್ಚಿ ಹಿಡಿದರು. ಊಟಕ್ಕೆ ಕರೆದರೆ “ಬೇಡ”, ಬಡಿಸಿದರೆ “ಸಾಕು”. ಇಡೀ ದಿನಕ್ಕೆ ಅವರ ಕನ್ನಡ ಇಷ್ಟೇ. ಗೃಹಪ್ರವೇಶಕ್ಕೆ ಹಸುವಿನ ಫೋಟೋ ಎಂಬ ಸುದ್ದಿ ಕೇಳಿದ ದಿನ ಮಾತ್ರ ತಲೆಯೆತ್ತಿ, “ಫೋಟೋನಾ?” ಎಂದು ಕೇಳಿ ಮತ್ತೆ ಕಿಟಕಿಯ ಕಡೆ ತಿರುಗಿದ್ದರು. ಆ ಒಂದು ಮಾತು ನಟರಾಜನ ಎದೆಯಲ್ಲಿ ನಾಟಿಕೊಂಡಿತ್ತು. ಮಾವನವರ ಮುಖದಲ್ಲಿ ಮತ್ತೆ ಗೆಲುವು ಕಾಣಬೇಕಾದರೆ ಹಸು ಬಂದೇ ಬರಬೇಕು ಎಂದು ಅವನು ತೀರ್ಮಾನಿಸಿಬಿಟ್ಟ.

ಮುಂದೆ ಎರಡು ಸಾವಿರದ ಇಸವಿ ಬಂದಾಗ ಕಂಪನಿಯ ಕಂಪ್ಯೂಟರುಗಳು ಕೆಡದ ಹಾಗೆ ನೋಡಿಕೊಳ್ಳುವ ಕೆಲಸ ನಟರಾಜನದು. ಮೂರು ವರ್ಷ ಮುಂದಿನ ಗಂಡಾಂತರವನ್ನು ನಿಭಾಯಿಸುವವನಿಗೆ ಒಂದು ಹಸು ಯಾವ ಲೆಕ್ಕ! ಆದರೆ ಫೋನ್ ಮಾಡಿದ ಮೊದಲ ಡೇರಿಯವನು, “ಹಸು ನಿಮ್ಮ ಮೆಟ್ಟಿಲಿನಲ್ಲಿ ಜಾರಿದರೆ ಇನ್ಶೂರೆನ್ಸ್ ಯಾರದು?” ಎಂದು ಕೇಳಿದ. ಎರಡನೆಯವನು ಏನೂ ಕೇಳದೆ ಫೋನ್ ಇಟ್ಟ. ಆಗ ನೆನಪಾದದ್ದೇ ಮಗಳು ಶ್ರಾವಣಿಯನ್ನು ಶಾಲೆಯವರು ಫೀಲ್ಡ್ ಟ್ರಿಪ್‌ಗೆ ಕರೆದುಕೊಂಡು ಹೋಗಿದ್ದ ಹಳೇ ಕಾಲದ ಫಾರ್ಮ್.

ಅಮೆರಿಕ ಇನ್ನೂ ಬ್ರಿಟಿಷ್ ರಾಜನ ಕೈಕೆಳಗಿದ್ದಾಗ ಬಡ ರೈತನೊಬ್ಬ ಹೇಗೆ ಬದುಕುತ್ತಿದ್ದ ಎಂದು ತೋರಿಸುವ ಜಾಗ ಅದು. ಅಲ್ಲಿ ಕೆಲಸ ಮಾಡುವವರು ಆ ಕಾಲದ ಬಟ್ಟೆ ತೊಟ್ಟು, ಆ ಕಾಲದ ಮಾತನ್ನೇ ಆಡುತ್ತಾರೆ. ಏನೇ ಆದರೂ ಆ ಕಾಲ ಬಿಟ್ಟು ಈಚೆ ಬರುವುದಿಲ್ಲ. ಬೇಸಿಗೆಯಲ್ಲಿ ಹೊಗೆಸೊಪ್ಪಿನ ಕೆಲಸ, ನವೆಂಬರಿನಲ್ಲಿ ಗೋಧಿಯ ಒಕ್ಕಣೆ. ನೋಡಲು ಬಂದವರೂ ಕೈಹಾಕಬಹುದು.

ನಾಲ್ವರೂ ವ್ಯಾನ್ ಹತ್ತಿದರು. ಮಾವನವರು ಮಂಕಿ ಕ್ಯಾಪ್, ಅದರ ಮೇಲೆ ಮಫ್ಲರ್, ಅದರ ಮೇಲೆ ಅಳಿಯನ ಹಳೇ ಜಾಕೆಟ್ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕುಳಿತರು. ಕಣ್ಣೆರಡು ಬಿಟ್ಟರೆ ಮಾವ ಎನ್ನಲು ಬೇರೆ ಗುರುತೇ ಇರಲಿಲ್ಲ.

“ಅಪ್ಪಾ, ಹೌ ವಿಲ್ ಯೂ ನೋ ಅದು ಹಸು ಅಂತ?” ಎಂದಳು ಹಿಂದಿನ ಸೀಟಿನಿಂದ ಶ್ರಾವಣಿ.

“ಸಿಂಪಲ್ ಪುಟ್ಟಾ. ಬೆನ್ನ ಮೇಲೆ ಡುಬ್ಬ ಇದ್ರೆ ಎತ್ತು, ಇಲ್ದಿದ್ರೆ ಹಸು. ರಾಜಾಜಿನಗರದಲ್ಲಿ ಎಳೇ ಮಗೂಗೂ ಗೊತ್ತು. ಸೀಮೆಎಣ್ಣೆ ಗಾಡಿ ಎಳೀತಿತ್ತಲ್ಲ, ಅದಕ್ಕೆ ಇಷ್ಟು ದೊಡ್ಡ ಡುಬ್ಬ. ಹಾಲಿನವನು ಹೊಡ್ಕೊಂಡು ಬರ್ತಿದ್ದದ್ದಕ್ಕೆ ಡುಬ್ಬಾನೇ ಇರ್ಲಿಲ್ಲ!”

ಮಹಾಂತಪ್ಪನವರು ನಿಧಾನವಾಗಿ ಕತ್ತು ತಿರುಗಿಸಿ ಅಳಿಯನನ್ನು ಒಮ್ಮೆ ನೋಡಿದರು. ಮತ್ತೆ ರಸ್ತೆ ನೋಡಿದರು.

ಫಾರ್ಮಿನಲ್ಲಿ ಮಂಜು ಕವಿದಿತ್ತು. ಜಿನುಗು ಮಳೆಗೆ ಜನ ಕಡಿಮೆ. ಮರದ ದಿಮ್ಮಿಗಳ ಒಂಟಿ ಕೋಣೆಯ ಮನೆ, ಹೊಗೆ ಕಾರುವ ಚಿಮಣಿ, ಎಲ್ಲೆಲ್ಲೂ ಕೆಸರು. ಬೇಲಿಯ ಪಕ್ಕದಲ್ಲಿ ಕೆಂಪು ಬಣ್ಣದ, ದೊಡ್ಡ ಕೊಂಬಿನ, ಶಾಂತ ಕಣ್ಣಿನ ಪ್ರಾಣಿಯೊಂದು ಮೆಲುಕು ಹಾಕುತ್ತ ನಿಂತಿತ್ತು. ಮಳೆಗೆಂದು ಅದರ ಮೇಲೆ ಹೊದಿಸಿದ್ದ ಗೋಣಿತಟ್ಟು ಎರಡೂ ಪಕ್ಕದಲ್ಲಿ ಮೊಣಕಾಲಿನವರೆಗೆ ಇಳಿಬಿದ್ದಿತ್ತು. ಬೆನ್ನು ಮಾತ್ರ ಹಲಗೆಯಷ್ಟು ಮಟ್ಟಸ!

“ಡುಬ್ಬ ಇಲ್ಲ! ವಸಂತಾ, ಡುಬ್ಬ ಇಲ್ಲ!” ಎಂದು ನಟರಾಜ ಅಲ್ಲೇ ಕೈಮುಗಿದ.

ಚಿಕ್ಕಂದಿನಲ್ಲಿ ದನದ ಕೈಲಿ ಹಾಯಿಸಿಕೊಂಡಿದ್ದ ವಸಂತಾ ದೂರದ ಕೊಟ್ಟಿಗೆಯ ಸೂರಿನ ಕೆಳಗೇ ನಿಂತು ತಲೆಯಾಡಿಸಿದಳು. ಮಾವನವರನ್ನು ಬೇಲಿಯ ಹತ್ತಿರವೇ ಒಂದು ಮರದ ಕೊರಡಿನ ಮೇಲೆ ಕೂರಿಸಿ ಕೈಗೆ ಕೊಡೆ ಕೊಡಲಾಯಿತು.

ನಟರಾಜ ರೈತನ ಬಳಿಗೆ ಹೋದ. ಮೊಣಕಾಲಿನವರೆಗಿನ ಚಲ್ಲಣ, ಅಗಲ ಟೋಪಿ. ಹೆಸರು ಟಾಮಸ್.

“ಸಾರ್, ಇದನ್ನ ನಾಳೆ ಬೆಳಿಗ್ಗೆ ಒಂದು ಗಂಟೆ ಮಟ್ಟಿಗೆ ಬಾಡಿಗೆಗೆ ಕೊಡ್ತೀರಾ? ಟ್ರೈಲರ್ ನಾನೇ ತರ್ತೀನಿ. ರೂಟ್ ಸೆವೆನ್ ಹಿಡಿದರೆ ಆಶ್‌ಬರ್ನ್ ಇಲ್ಲೇ.”

“ಟ್ರೈಲರ್ ಎಂದರೇನು, ಮಹನೀಯರೇ?” ಎಂದ ಟಾಮಸ್ ಟೋಪಿ ತೆಗೆದು. “ರಸ್ತೆ ಏಳು ಎಂದಿರಾ? ನಮ್ಮ ಸೀಮೆಯಲ್ಲಿ ಇರುವುದೇ ಒಂದು ರಸ್ತೆ. ಅದೂ ಕೆಸರು. ಆಶ್‌ಬರ್ನ್ ಎಂಬ ಊರನ್ನು ನಾನು ಕೇಳಿಲ್ಲ.”

“ನಿಮ್ಮ ಮ್ಯಾನೇಜರ್ ಎಲ್ಲಿ?”

“ನಮ್ಮ ಮೇಲೆ ಇರುವವರು ದೇವರು ಮತ್ತು ದೊರೆ. ದೊರೆ ಲಂಡನ್ನಿನಲ್ಲಿದ್ದಾರೆ.”

ಸೂರಿನ ಕೆಳಗಿನಿಂದ ವಸಂತಾ ಕೂಗಿದಳು. “ರೀ, ನೀವು ಅವರ ಕಾಲಕ್ಕೆ ಹೋಗಿ ಮಾತಾಡ್ರೀ! ಇವತ್ತಿನ ಮಾತು ಆಡಿದ್ರೆ ಅವರಿಗೆ ಅರ್ಥಾನೇ ಆಗಲ್ಲ!”

ನಟರಾಜ ಗಂಟಲು ಸರಿಮಾಡಿಕೊಂಡು ಇನ್ನೂರು ಚಿಲ್ಲರೆ ವರ್ಷ ಹಿಂದಕ್ಕೆ ಹಾರಿದ. ತಾನು ಮೈಸೂರು ಸೀಮೆಯಿಂದ ಹಡಗಿನಲ್ಲಿ ಬಂದವನೆಂದೂ, ಹೊಸ ಮನೆಯೊಳಗೆ ಇಂಥ ಪ್ರಾಣಿ ಮೊದಲು ಕಾಲಿಡುವುದು ತನ್ನವರ ಪದ್ಧತಿಯೆಂದೂ, ಸ್ವರ್ಗಸ್ಥರಾದ ಅತ್ತೆಗೆ ಮಾತು ಕೊಟ್ಟಿರುವೆನೆಂದೂ ಬಿನ್ನವಿಸಿಕೊಂಡ. ಕೊನೆಯ ಮಾತಿಗೆ ಬರುವಾಗ ಅವನ ದನಿ ನಿಜವಾಗಿಯೇ ನಡುಗಿತು.

ಟಾಮಸನ ಮುಖ ಮೆತ್ತಗಾಯಿತು. “ಹಿರಿಯರಿಗೆ ಕೊಟ್ಟ ಮಾತು ದೊಡ್ಡದು. ಆದರೆ ಬ್ರೈಟನ್ನು ಬೇಲಿ ದಾಟಿಸಲಾರೆ. ಇಲ್ಲೇ ಏನಾದರೂ ಆಗುವುದಿದ್ದರೆ ಹೇಳಿ.”

ಬ್ರೈಟ್ ಎಂದರೆ ಆ ಪ್ರಾಣಿಯ ಹೆಸರು. ಈಗ ಹಸು ಮನೆಗೆ ಬರುವುದಿಲ್ಲ, ಮನೆಯನ್ನು ಹಸುವಿನ ಬಳಿಗೆ ತರಲಾಗುವುದಿಲ್ಲ. ನಟರಾಜನ ತಲೆ ಮಿಂಚಿದ್ದೇ ಆಗ! ಹೊಸ ಮನೆಯ ಬಾಗಿಲಿಗೆಂದು ಕೊಂಡ ಹೊಚ್ಚಹೊಸ ಕಾಲೊರೆಸು, ‘ವೆಲ್‌ಕಮ್’ ಎಂದು ಬರೆದದ್ದು, ವ್ಯಾನಿನ ಹಿಂಭಾಗದಲ್ಲೇ ಇತ್ತು. ಹೊಸಿಲಿಗೆ ಹಾಸುವುದನ್ನು ಹಸು ತುಳಿದರೆ ಹೊಸಿಲನ್ನು ತುಳಿದ ಹಾಗಲ್ಲವೇ? ಟಿಕೆಟ್ ಕೊಡುವ ಗೂಡಿನ ಪಕ್ಕದ ಪೇಫೋನಿಗೆ ಓಡಿಹೋಗಿ ಭಟ್ಟರಿಗೆ ಫೋನ್ ಮಾಡಿದ.

“ಆಗಬಹುದು, ಧಾರಾಳವಾಗಿ ಆಗಬಹುದು” ಎಂದರು ಭಟ್ಟರು. “ನಾಳೆ ಬೆಳಿಗ್ಗೆ ಮಾತ್ರ ಲೇಟ್ ಮಾಡಬೇಡಿ ನಟರಾಜ್. ನಿಮ್ಮದು ಮುಗಿಸ್ಕೊಂಡು ನಾನು ರಾಕ್‌ವಿಲ್‌ನಲ್ಲಿ ಸತ್ಯನಾರಾಯಣ ಪೂಜೆಗೆ ಹೋಗಬೇಕು.”

ಶಾಸ್ತ್ರದ ಒಪ್ಪಿಗೆಯೂ ಸಿಕ್ಕಿತು. ಟಾಮಸ್ ಒಂದೇ ಒಂದು ಷರತ್ತು ಹಾಕಿದ. ಮಳೆಗೆ ಅವನ ಕಡೆಯ ಜನ ಬಂದಿರಲಿಲ್ಲ. ನಟರಾಜ ಒಂದಿಷ್ಟು ಗೋಧಿ ಒಕ್ಕಿಕೊಡಬೇಕು.

“ಒಕ್ಕೋದು ತಾನೇ? ನಮ್ಮ ರಕ್ತದಲ್ಲೇ ಇದೆ!” ಎಂದ, ಹುಟ್ಟಿದಾರಭ್ಯ ಗೋಧಿಯನ್ನು ಹಿಟ್ಟಿನ ರೂಪದಲ್ಲಿ ಮಾತ್ರ ಕಂಡಿದ್ದ ನಟರಾಜ.

ಒಕ್ಕುವ ಸಾಧನವೆಂದರೆ ಒಂದು ಉದ್ದ ಕೋಲು. ಅದರ ತುದಿಗೆ ಚರ್ಮದ ಪಟ್ಟಿಯಲ್ಲಿ ನೇತುಬಿದ್ದ ಇನ್ನೊಂದು ಗಿಡ್ಡ ಕೋಲು. ಉದ್ದ ಕೋಲನ್ನು ಬೀಸಿದರೆ ಗಿಡ್ಡ ಕೋಲು ಗೋಧಿಯ ಮೇಲೆ ಬೀಳಬೇಕು. ಕೊಟ್ಟಿಗೆಯೊಳಗೆ ನಿಂತು ನಟರಾಜ ಬಲವೆಲ್ಲ ಹಾಕಿ ಬೀಸಿದ. ಗಿಡ್ಡ ಕೋಲು ಗಾಳಿಯಲ್ಲಿ ಒಂದು ಸುತ್ತು ತಿರುಗಿ ನೇರವಾಗಿ ಅವನ ನಡುನೆತ್ತಿಗೆ ಬಂದು ಬಿತ್ತು. ಕಣ್ಣಿಗೆ ಕತ್ತಲೆ ಕವಿದು ಅವನು ಹುಲ್ಲಿನ ಮೇಲೆ ಕುಕ್ಕರಿಸಿದ.

ಎದ್ದು ನೋಡಿದರೆ ಮಾವನವರು ಕೊಟ್ಟಿಗೆಯ ಬಾಗಿಲವರೆಗೆ ಬಂದಿದ್ದರು. ಏನೋ ಹೇಳಲು ಬಂದವರ ಹಾಗೆ ಕೈ ಎತ್ತಿದ್ದರು. ಆದರೆ ಏನೂ ಹೇಳದೆ ಸರ್ರನೆ ಬೆನ್ನು ತಿರುಗಿಸಿ ಹೋಗಿ ಕೊರಡಿನ ಮೇಲೆ ಕುಳಿತರು. ಅವರ ಹೆಗಲು ಸಣ್ಣಗೆ ನಡುಗುತ್ತಿತ್ತು.

ವಸಂತಾ ಓಡಿಬಂದಳು. “ರೀ, ಅಪ್ಪ ಅಳ್ತಿದಾರೆ ಕಣ್ರೀ! ಅಮ್ಮ ಹೋದಾಗ್ಲೂ ಒಂದು ಹನಿ ಕಣ್ಣೀರು ಹಾಕಿರ್ಲಿಲ್ಲ ಅವರು.” ಹೇಳುತ್ತ ಹೇಳುತ್ತ ಅವಳ ಕಣ್ಣೂ ತುಂಬಿತು.

ನಟರಾಜ ಮಾವನವರತ್ತ ನೋಡಿದ. ಅತ್ತೆಯ ಆಸೆಗಾಗಿ ಅಳಿಯ ಪೆಟ್ಟು ತಿನ್ನುವುದನ್ನು ಕಂಡು ಮುದುಕರ ಮನಸ್ಸು ಕರಗಿದೆ! ಇನ್ನು ಹಿಂದೆ ಸರಿಯುವುದುಂಟೇ? ಅವನು ಕೋಲೆತ್ತಿ ಮತ್ತೆ ಬೀಸಿದ. ಈ ಸಲ ಕಿವಿಗೆ ಬಿತ್ತು. ಮಾವನವರ ಕೊಡೆಯೂ ನಡುಗತೊಡಗಿತು.

ಗೋಧಿ ಒಂದು ಮಟ್ಟಕ್ಕೆ ಬಂದ ಮೇಲೆ ಟಾಮಸ್ ನೀರು ಹೊತ್ತು ತರಲು ಹೇಳಿದ. ಹೆಗಲ ಮೇಲೆ ಅಡ್ಡಮರ, ಎರಡು ತುದಿಗೆ ಎರಡು ಮರದ ಬಕೆಟ್ಟು. ಇಳಿಜಾರಿನಲ್ಲಿ ನಟರಾಜನ ಕಾಲಿನ ಸ್ನೀಕರ್ಸ್ ಕೆಸರಿಗೆ ಶರಣಾದವು. ಅವನು ಕೂತಲ್ಲೇ ಜಾರುತ್ತ, ಎರಡೂ ಬಕೆಟ್ಟಿನ ನೀರನ್ನು ತಲೆಯ ಮೇಲೆ ಸುರಿದುಕೊಳ್ಳುತ್ತ, ಹಂದಿಗಳ ದೊಡ್ಡಿಯ ತನಕ ಹೋಗಿ ನಿಂತ. ಮೇಲಿನಿಂದ ನೋಡುತ್ತಿದ್ದ ಮಾವನವರು ಮಫ್ಲರನ್ನು ಬಾಯಿಗೆ ಒತ್ತಿಕೊಂಡು ಮುಂದಕ್ಕೆ ಬಗ್ಗಿಬಿಟ್ಟರು. ವಸಂತಾ ಅವರ ಬೆನ್ನು ಸವರುತ್ತ, “ಅತ್ತುಬಿಡಿ ಅಪ್ಪಾ, ಒಳಗೇ ಇಟ್ಕೋಬೇಡಿ” ಎನ್ನುತ್ತಿದ್ದಳು. ಅವರು ತಲೆಯಾಡಿಸಿದರು. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ.

ಕೊನೆಗೂ ಆ ಮಹಾಮುಹೂರ್ತ ಬಂತು. ಬ್ರೈಟಿನ ಹಣೆಗೆ ನಟರಾಜ ತೋಳುದ್ದದ ದೂರದಿಂದ ಕುಂಕುಮ ಎರಚಿದ. ಕೊರಳಿಗೆ ಹಾಕಲು ತಂದಿದ್ದ ಸೇವಂತಿಗೆ ಹಾರವನ್ನು ಅದು ನಾಲಿಗೆ ಚಾಚಿ ಸೆಳೆದುಕೊಂಡು ದಾರದ ಸಮೇತ ತಿಂದುಹಾಕಿತು. “ಪ್ರಸಾದ ಸ್ವೀಕಾರ ಆಯ್ತು!” ಎಂದ ನಟರಾಜ. ಆಮೇಲೆ ಕೆಸರಿನ ಮೇಲೆ ‘ವೆಲ್‌ಕಮ್’ ಹಾಸಿ, “ಬಾ ತಾಯಿ, ಹಾಲು ಕೊಡೋ ಮಹಾತಾಯಿ, ಪಾದ ಇಡಮ್ಮ” ಎಂದು ಅಂಗಲಾಚಿದ.

ಮಹಾತಾಯಿ ಅಲ್ಲಾಡಲಿಲ್ಲ.

ಅಷ್ಟರಲ್ಲಿ ಪ್ರವಾಸಿಗರ ಗುಂಪೊಂದು ಬಂದು ಬೇಲಿಗೆ ಆತುಕೊಂಡಿತು. ಇದೂ ಒಕ್ಕಣೆ ಕಾಲದ ಆಚರಣೆ ಎಂದುಕೊಂಡು ಒಬ್ಬ ಕ್ಯಾಮ್‌ಕಾರ್ಡರ್ ಹೆಗಲಿಗೇರಿಸಿದ. ಟಾಮಸ್ ತನ್ನ ಕಾಲ ಬಿಡದೆ, “ಈ ಮಹನೀಯರು ಪೂರ್ವದೇಶದ ವ್ಯಾಪಾರಿ. ಸುಗ್ಗಿಯ ನಂತರ ಅವರಲ್ಲಿ ಹೀಗೊಂದು ಗೌರವವುಂಟು” ಎಂದು ವಿವರಿಸಿದ. “ಹೌ ವಂಡರ್‌ಫುಲ್!” ಎಂದಳು ಒಬ್ಬ ಅಜ್ಜಿ. ಶ್ರಾವಣಿ ತನಗೂ ಈ ವ್ಯಾಪಾರಿಗೂ ಸಂಬಂಧವೇ ಇಲ್ಲವೆಂಬಂತೆ ಅಮ್ಮನ ಹಿಂದೆ ಅಡಗಿದಳು.

ನಟರಾಜ ಮೊಣಕಾಲೂರಿ ಬ್ರೈಟಿನ ಮುಂಗಾಲನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿದ. ಬ್ರೈಟ್ ಕಾಲನ್ನು ಎತ್ತಗೊಟ್ಟು, ತನ್ನಿಷ್ಟದ ಜಾಗದಲ್ಲಿ ಇಳಿಸಿತು. ಆ ಜಾಗದಲ್ಲಿ ನಟರಾಜನ ಪಾದವಿತ್ತು. ಅವನ ಕೂಗಿಗೆ ಬೇಲಿಯಾಚೆಯ ಟರ್ಕಿ ಕೋಳಿಗಳೆಲ್ಲ ಒಟ್ಟಿಗೆ ಉತ್ತರ ಕೊಟ್ಟವು. ಬೆದರಿದ ಬ್ರೈಟ್ ಎರಡು ಹೆಜ್ಜೆ ಮುಂದಿಟ್ಟು, ಹಿಂಗಾಲುಗಳನ್ನು ‘ವೆಲ್‌ಕಮ್’ ಮೇಲೆ ಊರಿ, ಬಾಲವೆತ್ತಿ, ಧಾರಾಳವಾಗಿ ಸಗಣಿ ಹಾಕಿತು. ಮುಕ್ಕಾಲು ಪಾಲು ಕಾಲೊರೆಸಿನ ಮೇಲೆ, ಉಳಿದದ್ದು ನಟರಾಜನ ಮಡಿಲಲ್ಲಿ.

“ಬಂತು! ವಸಂತಾ, ಪಾದವೂ ಬಂತು, ಗೋಮಯವೂ ಬಂತು!” ಎಂದು ಅವನು ಕುಂಟುತ್ತ ಕುಣಿದ. ಜನ ಚಪ್ಪಾಳೆ ತಟ್ಟಿದರು. ಮಾವನವರು ಕೊಡೆ ಕೈಬಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ವಾಪಸು ಬರುವಾಗ ವ್ಯಾನಿನ ಹೊರಗೆ ಬೂದು ಬಣ್ಣದ ಮರಗಳು, ಬೂದು ಬಣ್ಣದ ರಸ್ತೆ. ಒಳಗೆ ಸಗಣಿಯ ವಾಸನೆ. ಕಿಟಕಿ ತೆರೆದರೆ ಚಳಿ, ಮುಚ್ಚಿದರೆ ಬ್ರೈಟ್. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಕಾಲೊರೆಸು ಹಿಂದೆ ಭದ್ರವಾಗಿತ್ತು. ನಟರಾಜನ ನೆತ್ತಿಯಲ್ಲಿ ಬುಗುಟೆ ಎದ್ದಿತ್ತು, ಪಾದ ಊದಿತ್ತು, ಮನಸ್ಸೂ ಭಾರವಾಗಿತ್ತು. ಪಕ್ಕದಲ್ಲಿ ಮಾವನವರ ಹೆಗಲು ಇನ್ನೂ ಬಿಟ್ಟುಬಿಟ್ಟು ನಡುಗುತ್ತಿತ್ತು.

“ಮಾವ, ಅಳಬೇಡಿ” ಎಂದ ಅವನು ಮೆಲ್ಲಗೆ. “ಅತ್ತೆ ಆಸೆ ತೀರಿಸಿದೀವಿ. ಎಲ್ಲಿದ್ರೂ ಅವರಿಗೆ ಸಮಾಧಾನ ಆಗಿರುತ್ತೆ.”

ಅಷ್ಟೇ ಸಾಕಾಯಿತು. ಮಹಾಂತಪ್ಪನವರ ಗಂಟಲಿನಿಂದ ಕುಕ್ಕರಿನ ಸೀಟಿಯಂಥ ಸದ್ದು ಹೊರಟಿತು. ಅವರು ಮಫ್ಲರ್ ಬಿಚ್ಚಿ, ಮಂಕಿ ಕ್ಯಾಪ್ ಕಿತ್ತೆಸೆದರು. ಮುಖ ಕೆಂಪಗಾಗಿತ್ತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬಾಯಿ ಮಾತ್ರ ಕಿವಿಯವರೆಗೆ ಹಿಗ್ಗಿತ್ತು!

“ಅಳಿಯಂದ್ರೇ... ಅದು... ಅದು ಎತ್ತು!”

ನಟರಾಜ ವ್ಯಾನನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದ. “ಡುಬ್ಬ ಇರ್ಲಿಲ್ಲವಲ್ಲ ಮಾವ?”

“ಈ ದೇಶದಲ್ಲಿ ಯಾವುದಕ್ಕೂ ಡುಬ್ಬ ಇಲ್ಲ ಅಳಿಯಂದ್ರೇ. ಗೋಣಿತಟ್ಟು ಎತ್ತಿ ನೋಡಬೇಕಿತ್ತು. ಕೊರಡಿನ ಮೇಲೆ ತಗ್ಗಿನಲ್ಲಿ ಕೂತವನಿಗೆ ಅಡಿಯಿಂದ ಕಾಣಿಸ್ತು.”

“ಅಪ್ಪಾ, ಬ್ರೈಟ್ ಈಸ್ ಆ್ಯನ್ ಆಕ್ಸ್. ಫೀಲ್ಡ್ ಟ್ರಿಪ್‌ನಲ್ಲೇ ಹೇಳಿದ್ರು” ಎಂದಳು ಶ್ರಾವಣಿ. “ಹಸು ವಿಂಟರ್‌ಗೆ ಬೇರೆ ಫಾರ್ಮ್‌ಗೆ ಹೋಗುತ್ತೆ. ಐ ಥಾಟ್ ಯೂ ನ್ಯೂ!”

ವಸಂತಾಳಿಗೆ ಅಳುವೋ ಸಿಟ್ಟೋ ತಿಳಿಯದಾಯಿತು. “ಅಪ್ಪಾ! ಮೊದಲೇ ಹೇಳಬಾರ್ದಿತ್ತಾ? ಇವರು ಬೆಳಗಿಂದ ಏಟು ತಿಂತಾ ಇದ್ರು, ನಾನು ನಿಮ್ಮ ಬೆನ್ನು ಸವರ್ತಾ ಕೂತಿದ್ದೆ!”

ಮಹಾಂತಪ್ಪನವರು ಕಣ್ಣೊರೆಸಿಕೊಂಡರು. “ಹೇಳೋಣ ಅಂತಾನೇ ಕೊಟ್ಟಿಗೆ ಬಾಗಿಲಿಗೆ ಬಂದೆ ಕಣವ್ವ. ಆಗಲೇ ಇವರು ಕೋಲಿಂದ ತಮ್ಮ ತಲೆಗೆ ತಾವೇ ಹೊಡ್ಕೊಂಡ್ರು. ನಗು ಬಂದುಬಿಡ್ತು. ನಿಮ್ಮಮ್ಮ ಹೋದ ಮೇಲೆ ನನಗೆ ನಗು ಬಂದಿದ್ದು ಇವತ್ತೇ. ಹೇಳಿದ್ರೆ ಇವರು ನಿಲ್ಲಿಸಿಬಿಡ್ತಾರೆ. ನಿಲ್ಲಿಸಿದ್ರೆ ನಗೂನೂ ಹೋಗಿಬಿಡುತ್ತಲ್ಲ ಅಂತ ಹೆದರಿಕೆ ಆಯ್ತು.”

ವಸಂತಾ ಹಿಂದಿನಿಂದ ಕೈಚಾಚಿ ಅಪ್ಪನ ಹೆಗಲು ಹಿಡಿದುಕೊಂಡಳು. ಅವಳೂ ನಗುತ್ತಿದ್ದಳು, ಮೂಗು ಸೀಟುತ್ತಲೇ.

“ವಸಂತಾ, ಹೊಟ್ಟೆ ಹಸೀತಿದೆ ಕಣವ್ವ. ಮನೇಲಿ ಏನಿದೆ?” ಎಂದರು ಮಾವನವರು. “ನಾಳೆಗೆ ಆ ಬೆಳ್ಳಿ ಹಸುವೇ ಇರಲಿ. ಅದು ಕಾಲು ತುಳಿಯಲ್ಲ.”

ಆದರೆ ನಟರಾಜನಿಗೆ ನಗು ಬರಲಿಲ್ಲ. ಸ್ಟೀರಿಂಗ್ ಮೇಲೆ ಹಣೆಯಿಟ್ಟುಕೊಂಡು ಸಣ್ಣ ದನಿಯಲ್ಲಿ ಹೇಳಿದ. “ಏನೇ ಆಗಲಿ ಮಾವ, ಅತ್ತೆಗೆ ಕೊಟ್ಟ ಮಾತು ಉಳಿಸ್ಕೊಳ್ಳಲಿಲ್ಲ ನಾನು. ಪಾಪ, ನನ್ನ ಮಾತು ನಂಬಿಕೊಂಡೇ ಹೋದ್ರು.”

“ನಂಬಿಕೊಂಡು?” ಮಹಾಂತಪ್ಪನವರು ಅಳಿಯನ ಬೆನ್ನು ತಟ್ಟಿದರು. “ನಿಮ್ಮ ಹತ್ತಿರ ಮಾತಾಡಿ ಫೋನ್ ಇಟ್ಟವಳು ನನ್ನ ಕಡೆ ತಿರುಗಿ ಏನಂದ್ಲು ಗೊತ್ತಾ? ‘ಅಳಿಯಂದ್ರು ಹಸು ತರ್ತಾರಂತೆ. ಏನು ಹಿಡ್ಕೊಂಡು ಬರ್ತಾರೋ ಆ ಶಿವನಿಗೇ ಗೊತ್ತು. ನಾನು ಇರ್ತೀನೋ ಇಲ್ವೋ, ನೀವು ಮಾತ್ರ ತಪ್ಪದೆ ಅಮೆರಿಕಕ್ಕೆ ಹೋಗಿ. ಒಳಗೆ ಬಿಡೋ ಮುಂಚೆ ಒಂದ್ಸಲ ಬಗ್ಗಿ ನೋಡಿ!’”